ಹನ್ನೊಂದು ಅಂಕಣದ ಮನೆ

ಮುದ್ದನಗಿರಿಯ ದರ್ಬಾರಿನಲ್ಲಿ ದೊರೆಗೆ ಮೊದಲ ವೀಳ್ಯ ಕೊಡುವ ಹಕ್ಕು ಏಳು ತಲೆಮಾರಿನಿಂದ ಅಡಪದ ಮನೆತನದ್ದು. ಆ ಏಳು ತಲೆಮಾರಿನಲ್ಲಿ ಯಾರೂ ಸುಳ್ಳಾಡಿರಲಿಲ್ಲ, ಯಾರೂ ಹಿಂದಿನ ಸಾಲಿನಲ್ಲಿ ಕೂತಿರಲಿಲ್ಲ, ಸುಣ್ಣ ಹೆಚ್ಚಾಗಿ ಯಾವ ದೊರೆಯ ನಾಲಿಗೆಯೂ ಸುಟ್ಟಿರಲಿಲ್ಲ. ಈಗ ಆ ಹಕ್ಕು ಗೌರಾಜಮ್ಮಣ್ಣಿಯವರದು.

ಅಂಥವರ ಪೀಠವನ್ನು ಒಂದು ಬೆಳಿಗ್ಗೆ ಕುದುರೆ ಲಾಯದ ಬಾಗಿಲಿಗೆ ಸಾಗಿಸಿದ್ದರು!

"ಇದು ಯಾರ ಅಪ್ಪಣೆ?" ಅಮ್ಮಣ್ಣಿ ತುಂಬಿದ ದರ್ಬಾರಿನಲ್ಲೇ ಕೇಳಿದರು.

"ಲೆಕ್ಕದ ಅಪ್ಪಣೆ," ಎಂದು ದೊರೆ ರಣಭೈರವ ನಾಯಕ ಮೀಸೆ ತಿರುವಿದ. "ಮನೆಗೆ ಎಷ್ಟು ಅಂಕಣವೋ ಆ ಸಂಖ್ಯೆಯ ಅಂಕಿಗಳನ್ನು ಕೂಡಬೇಕು. ಬಂದ ಮೊತ್ತದಿಂದ ಅದೇ ಸಂಖ್ಯೆಯನ್ನು ಭಾಗಿಸಬೇಕು. ಶೇಷ ಉಳಿಯದಿದ್ದರೆ ಕುಲೀನ ಮನೆ. ಉಳಿದರೆ ಲಾಯ. ನಿಮ್ಮದು ಹನ್ನೊಂದು ಅಂಕಣ. ಒಂದೂ ಒಂದೂ ಎರಡು. ಎರಡರಿಂದ ಭಾಗಿಸಿದರೆ ಒಂದು ಉಳಿಯಿತಲ್ಲ, ಅಮ್ಮಣ್ಣಿ!"

ಊರಿಗೆ ಊರೇ ಈ ಲೆಕ್ಕದ ಹುಚ್ಚಿಗೆ ಬಿದ್ದಿತ್ತು. ಒಂದೂ ಎರಡೂ ಮೂರು, ಹನ್ನೆರಡಕ್ಕೆ ಶೇಷವಿಲ್ಲ. ಅದಕ್ಕೇ ಹನ್ನೊಂದು ಸಲ ಸೀನಿದ ಸೇನಾಪತಿ, ಮಾನ ಉಳಿಸಿಕೊಳ್ಳಲು, ಹನ್ನೆರಡನೆಯ ಸೀನಿಗಾಗಿ ಕಂಬದ ಮರೆಯಲ್ಲಿ ನಶ್ಯ ಏರಿಸುತ್ತಿದ್ದ.

ಅಮ್ಮಣ್ಣಿ ಸೆರಗು ಸರಿಪಡಿಸಿಕೊಂಡರು.

"ಅರಮನೆಯದು ಎಷ್ಟು ಅಂಕಣ, ಮಹಾಸ್ವಾಮಿ?"

"ಹದಿನೆಂಟು! ಒಂದೂ ಎಂಟೂ ಒಂಬತ್ತು. ಒಂಬತ್ತರಿಂದ ಸಲೀಸಾಗಿ ಭಾಗವಾಗುತ್ತದೆ."

"ಕೇಳಿಸಲಿಲ್ಲ. ವಯಸ್ಸಾಯಿತು ನೋಡಿ."

"ನಮ್ಮ ಅರಮನೆ ಒಂಬತ್ತು ಭಾಗವಾಗುತ್ತದೆ!"

"ಇನ್ನೊಮ್ಮೆ. ಪಡಸಾಲೆಗೂ ಕೇಳಲಿ."

"ಒಂಬತ್ತು ಭಾಗ!" ದೊರೆ ಗುಡುಗಿದ. "ಒಂದು ಚೂರೂ ಉಳಿಯದ ಹಾಗೆ!"

ಪಡಸಾಲೆಯಲ್ಲಿ ಪಗಡೆಯಾಡುತ್ತಿದ್ದ ದೊರೆಯ ಎಂಟು ಜನ ತಮ್ಮಂದಿರು ಕಾಯಿ ಬಿಟ್ಟು ಎದ್ದರು. ದೊರೆಯೂ ಸೇರಿದರೆ ಅಣ್ಣತಮ್ಮಂದಿರು ಒಂಬತ್ತೇ ಜನ.

"ಅಣ್ಣಯ್ಯ ದೇವರಂಥವನು! ತಲೆಗೆ ಎರಡೆರಡು ಅಂಕಣ!"

"ಅಡುಗೆಮನೆ ನನ್ನದು!"

"ನಿನಗೇಕೋ ಅಡುಗೆಮನೆ, ತಿನ್ನೋದು ಬಿಟ್ಟು ಏನು ಗೊತ್ತು?"

ಕಿರಿಯವನು ಆಗಲೇ ಹಗ್ಗ ತಂದು ಸಿಂಹಾಸನ ಅಳೆಯುತ್ತಿದ್ದ. "ಅಣ್ಣಯ್ಯ, ಸ್ವಲ್ಪ ಏಳು. ಹಗ್ಗ ನಿನ್ನ ಕೆಳಗೆ ಸಿಕ್ಕಿಕೊಂಡಿದೆ."

"ಅಮ್ಮಣ್ಣಿಯವರೇ, ಇವರಿಗೆ ಏನಾದರೂ ಹೇಳಿ!" ದೊರೆಯ ಮೀಸೆ ಜೋತುಬಿದ್ದಿತ್ತು.

"ನಾನೇನು ಹೇಳಲಿ? ಲಾಯದವಳು. ಏಳು ತಲೆಮಾರಾಯಿತು, ನಮ್ಮ ಹನ್ನೊಂದು ಅಂಕಣದಲ್ಲಿ ಉರಿಯುವ ಒಲೆ ಒಂದೇ. ಭಾಗವಾಗದ ಮನೆಗೆ ಊರು 'ದೊಡ್ಡಮನೆ' ಅನ್ನುತ್ತದೆ. ಭಾಗವಾಗುವ ಮನೆಗೆ ಏನನ್ನುತ್ತಾರೋ, ಅದನ್ನು ಮಹಾಸ್ವಾಮಿಗಳೇ ಅಪ್ಪಣೆ ಕೊಡಿಸಬೇಕು."

ದೊರೆ ಸಿಂಹಾಸನ ಅಲುಗಾಡುವಂತೆ ನಕ್ಕ.

"ಲೆಕ್ಕ ರದ್ದು! ತಮ್ಮಂದಿರೆಲ್ಲ ಪಗಡೆಗೆ ನಡೆಯಿರಿ! ಅಮ್ಮಣ್ಣಿಯವರ ಪೀಠ ತನ್ನಿ!" ಎಂದವನೇ ಕೊರಳಿನ ಮುತ್ತಿನ ಹಾರ ತೆಗೆದು ನೀಡಿದ.

ಅಮ್ಮಣ್ಣಿ ಕೈ ಚಾಚಲಿಲ್ಲ.

"ಹಾರ ಆಮೇಲೆ. ಮೊದಲು ನಮ್ಮ ಮನೆತನದ ಕ್ಷಮೆ ಕೇಳಿ."