ಹೋಗಿ ಬಾ ಅಂದದ್ದಕ್ಕೆ ಬಂದ ಹೊಳೆ

ಲೋಕದ ಹಸಿ ಇನ್ನೂ ಆರಿರಲಿಲ್ಲ. ಗುಡ್ಡಗಳು ಎಲ್ಲಿ ಕೂರೋಣ ಅಂತ ಜಾಗ ನೋಡುತ್ತಿದ್ದವು. ಗಾಳಿಗೆ ಬಾಯಿತ್ತು, ಏಡಿಗೆ ಬಾಯಿತ್ತು, ಹೊಳೆಗಂತೂ ಕೇಳಲೇಬೇಡ.

ಆಗ ಹೊಳೆದಂಡೆಯ ಊರೊಂದರಲ್ಲಿ ಹುಲಿಗೆವ್ವ ಅಂತ ಅಂಬಿಗರ ಹೆಂಗಸು ಇದ್ದಳು. ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ಹರಿಗೋಲು ಅವಳದು. ಅದರಲ್ಲೇ ಕುರಿ ದಾಟಿಸುತ್ತಿದ್ದಳು, ಮೇವು ದಾಟಿಸುತ್ತಿದ್ದಳು, ಮದುವೆ ದಿಬ್ಬಣವನ್ನೂ ದಾಟಿಸುತ್ತಿದ್ದಳು.

ಇದ್ದೊಬ್ಬ ಮಗಳು ಗಾಳೆವ್ವನನ್ನು ಆಚೆ ದಂಡೆಯ ಊರಿಗೇ ಕೊಟ್ಟಿದ್ದಳು. ಗಾಳೆವ್ವನಿಗೆ ಈಗ ದಿನ ತುಂಬಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ? ನಾಳೆ ಹೋಗಿ ಕರೆತರುತ್ತೇನೆ ಅಂತ ಹುಲಿಗೆವ್ವ ಮಲಗುವ ಹೊರಸು ಬಿಸಿಲಿಗೆ ಹಾಕಿದಳು, ಮೆತ್ತನೆಯ ಹಳೇ ಸೀರೆ ಒಗೆದಳು, ಬಾಣಂತಿಗೆ ಬೇಕಾದ ಬೆಳ್ಳುಳ್ಳಿ ಸುಲಿದಿಟ್ಟಳು.

ಬೆಳಗಾಗುವುದರೊಳಗೆ ಹೊಳೆ ಬಂದಿತ್ತು.

ಹೊಳೆ ಮೊದಲೂ ಅಲ್ಲೇ ಇತ್ತಲ್ಲ ಅನ್ನಬೇಡ. ನೀರು ಕೆಂಪಗಾಗಿ ದಂಡೆ ಮೀರಿದರೆ ನಮ್ಮ ಕಡೆ "ಹೊಳೆ ಬಂತು" ಅಂತಲೇ ಅನ್ನುವುದು. ಬಂದವಳನ್ನು ಮರ್ಯಾದೆಯಿಂದ ಕಳಿಸಬೇಕು. ಊರ ಹೆಂಗಸರೆಲ್ಲ ದಂಡೆಗೆ ಹೋಗಿ ಅರಿಶಿನ ಕುಂಕುಮ ಹಾಕಿ, ಹೂವು ಬಿಟ್ಟು, ನೆಂಟರಿಗೆ ಹೇಳುವ ಹಾಗೆಯೇ ಹೋಗಿ ಬಾರವ್ವ ಅಂದರು. ಹೊಳೆ ಇಳಿಯಿತು. ಹುಲಿಗೆವ್ವ ಹರಿಗೋಲು ತಲೆಯ ಮೇಲೆ ಹೊತ್ತು ದಂಡೆಗೆ ಬರುವಷ್ಟರಲ್ಲಿ, ಕೆಳಗಿನ ತಿರುವಿನ ತನಕ ಹೋಗಿದ್ದ ಹೊಳೆ ದಡದಡ ಅಂತ ತಿರುಗಿ ಬಂತು.

ಮತ್ತೆ ಹೂವು ಬಿಟ್ಟರು. ಮತ್ತೆ ಹೋಗಿ ಬಾ ಅಂದರು. ಮತ್ತೆ ಹೋಯಿತು, ಮತ್ತೆ ಬಂತು.

ಮೀನು ಹಿಡಿಯುವ ಕೆಂಚಪ್ಪನಿಗೆ ರೇಗಿಹೋಯಿತು. ನೀರಿಗಿಳಿದು, ತೊಲಗು ಅಂತ ಕೂಗಿದ. ಹೊಸಿಲಿಗೆ ಬಂದವರಿಗೆ ಆಡುವ ಮಾತೇ ಅದು? ಹೊಳೆ ಅವನ ರುಮಾಲು ಕಿತ್ತುಕೊಂಡು ಇನ್ನೊಂದು ಆಳೆತ್ತರ ಮೇಲಕ್ಕೇರಿತು. ಕೆಂಚಪ್ಪ ಬೋಳುತಲೆ ಸವರಿಕೊಳ್ಳುತ್ತಾ ಮರ ಹತ್ತಿದ.

ಅಷ್ಟರಲ್ಲಿ ಆಚೆ ದಂಡೆಯಿಂದ ಗಾಳಿ ಸುದ್ದಿ ತಂತು. ಗಾಳೆವ್ವನಿಗೆ ಸಣ್ಣಗೆ ನೋವು ಶುರುವಾಗಿದೆಯಂತೆ. ಅತ್ತೆ ಒಳಗೆ ಬಾ ಅಂದರೂ ಒಲ್ಲೆ, ನಮ್ಮವ್ವ ಬರುತ್ತಾಳೆ ಅಂತ ದಂಡೆಯಲ್ಲೇ ಕೂತಿದ್ದಾಳಂತೆ.

ಹುಲಿಗೆವ್ವ ಹರಿಗೋಲು ನೀರಿಗೆ ತಳ್ಳಿಯೇಬಿಡುತ್ತಿದ್ದಳು. ಕಾಲಬುಡದಲ್ಲಿದ್ದ ಏಡಿ ಅವಳ ಸೀರೆಯ ಅಂಚು ಹಿಡಿದೆಳೆಯಿತು. "ಈ ಹೊಳೆತಾಯಿ ನಿನ್ನ ಮೊರದಾಗ ಜೋಳ ಕೇರಿದಂಗ ಕೇರಿ ಬಂಡೆಗೆ ಒಗಿತಾಳ. ಆಮೇಲೆ ಮಗಳಿಗೆ ತವರೂ ಇಲ್ಲ, ತಾಯಿನೂ ಇಲ್ಲ" ಅಂದಿತು.

ಹುಲಿಗೆವ್ವ ಹರಿಗೋಲು ಬೋರಲು ಹಾಕಿ ಅದರ ಮೇಲೆ ಕೂತಳು. ಕೂತು, ಹೊಳೆಯನ್ನೇ ಕೇಳಿದಳು. "ಸಿಟ್ಟಾಗಬ್ಯಾಡ ಯವ್ವಾ. ಹೋದಾಕಿ ಮತ್ಯಾಕ ತಿರುಗಿ ಬರ್ತಿ?"

"ಇದೊಳ್ಳೇ ಚಂದ ಆತಲ್ಲ. ಹೋಗಿ ಬಾ ಅಂದೋರು ನೀವ. ಹೋದೆ, ಬಂದೆ. ತಿರುಗಿ ತಿರುಗಿ ನನ್ನ ಕಾಲು ಬಿದ್ದು ಹೋದ್ವು" ಅಂದಿತು ಹೊಳೆ.

ಹುಲಿಗೆವ್ವನಿಗೆ ಅಂಥ ಸಂಕಟದಲ್ಲೂ ನಗು ಬಂತು. ನೀನು ಹೋಗಬೇಕಾದದ್ದಾದರೂ ಎಲ್ಲಿಗೆ ತಾಯಿ ಅಂತ ಕೇಳಿದಳು. ಗಂಡನ ಮನೆಗೆ, ಸಮುದ್ರರಾಯ ಕಾಯುತ್ತಾ ಕೂತಿದ್ದಾನೆ, ಆದರೆ ತವರವರು ಬಾ ಅಂದಮೇಲೆ ಒಲ್ಲೆ ಅನ್ನೋದು ಹೇಗೆ ಅಂತ ಹೊಳೆ ಮುಖ ಸಣ್ಣದು ಮಾಡಿತು.

ತವರು, ಗಂಡನ ಮನೆ. ಹುಲಿಗೆವ್ವನಿಗೆ ತಟ್ಟನೆ ಹೊಳೆಯಿತು. ಗಾಳೆವ್ವನನ್ನು ಕಳಿಸುವಾಗ ತಾನೇನು ಹೇಳಿದ್ದೆ? ಬರೀ ಹೋಗಿ ಬಾ ಅಂದಿರಲಿಲ್ಲ. ನಡುವೆ ಇನ್ನೊಂದು ಮಾತಿತ್ತು. ಅವಸರದಲ್ಲಿ ಊರಿಗೆ ಊರೇ ಅದನ್ನು ನುಂಗಿಬಿಟ್ಟಿತ್ತು.

ಎದ್ದು ನಿಂತು, ಗುಡ್ಡಗಳಿಗೂ ಕೇಳುವ ಹಾಗೆ ಹೇಳಿದಳು. "ಹೋಗಿ, ಬಾಳಿ, ಬಾ ಮಗಳೇ."

ಹೊಳೆ ನಿಂತಲ್ಲೇ ಒಂದು ಸುತ್ತು ಸುತ್ತಿತು. "ಬಾಳೋದಂದ್ರ ಎಷ್ಟು ದಿನ?"

"ನಾವು ಬಿತ್ತಿದ್ದು ಬೆಳೆದು, ಸುಗ್ಗಿ ಮುಗಿದು, ನೆಲ ಬಾಯಿ ಬಿಡೋ ತನಕ. ಆಮೇಲೆ ಮೋಡದ ಬಂಡಿ ಹೂಡಿಕೊಂಡು ತವರಿಗೆ ಬಾ. ನೀ ಇರೋಷ್ಟು ದಿನ ನಿನ್ನ ಮೈಮ್ಯಾಲೆ ಒಬ್ಬರೂ ಹರಿಗೋಲು ಇಳಿಸೋದಿಲ್ಲ. ಕಾಯ್ತೀವಿ."

ಇಷ್ಟು ಚಂದದ ಮಾತು ಹೊಳೆಗೆ ಯಾರೂ ಆಡಿರಲಿಲ್ಲ. ಸೀರೆಯ ನಿರಿಗೆ ಎತ್ತಿ ಹಿಡಿದು, ಸರಸರ ಸರಸರ ಇಳಿದು ಹೊರಟಿತು. ತಿರುವು ದಾಟಿತು. ತಿರುಗಿ ನೋಡಲಿಲ್ಲ.

ಹುಲಿಗೆವ್ವ ಉಳಿದ ನೀರಿಗೆ ಹರಿಗೋಲು ಇಳಿಸಿ ಹುಟ್ಟು ಹಾಕಿದಳು ನೋಡು! ಗಾಳಿ ಬೆನ್ನಿಗೆ ನಿಂತು ದಬ್ಬಿತು, ಮಿಂಚುಳ್ಳಿ ಮುಂದೆ ಹಾರಿ ದಾರಿ ತೋರಿಸಿತು. ಆಚೆ ದಂಡೆಯಲ್ಲಿ ಮಗಳನ್ನು ಎತ್ತಿ ಕೂರಿಸಿಕೊಂಡು ಹರಿಗೋಲು ತಿರುಗಿಸಿದಳು. ಆದರೆ ಹೊಟ್ಟೆಯೊಳಗಿನದಕ್ಕೆ ತಾಳ್ಮೆಯೆಲ್ಲಿ? ನಡುಹೊಳೆಯ ಬಂಡೆ ಹತ್ತಿರ ಬರುವಾಗಲೇ ಗಾಳೆವ್ವ, ಇನ್ನು ತಡೆಯೋದಿಲ್ಲ ಅಂದಳು. ಬಂಡೆ ದಾಟೋ ತನಕ ಹಲ್ಲು ಕಚ್ಚು, ದಾಟಿದರೆ ನಮ್ಮ ಸೀಮೆ ಅಂದಳು ತಾಯಿ.

ಹರಿಗೋಲು ಬಂಡೆ ದಾಟಿತು. ಕೂಸು ಕಿಟಾರನೆ ಕಿರುಚಿತು. ಹೆಣ್ಣುಕೂಸು!

ದಂಡೆಯಲ್ಲಿ ನಿಂತ ಊರೆಲ್ಲ ಕಂಚಿನ ತಟ್ಟೆ ಬಡಿದು ಕುಣಿಯಿತು. ಅತ್ತೆಯ ಕಡೆಯವರು ಆಚೆಯಿಂದ, ಹುಟ್ಟಿದ್ದು ನಮ್ಮ ಕಡೆ ನೀರಲ್ಲಿ ಅಂತ ವಾದ ಮಾಡಿದರು. ಬಂಡೆಯ ಮೇಲೆ ಕೂತಿದ್ದ ಮಿಂಚುಳ್ಳಿ, ನಾನೇ ನೋಡಿದ್ದೇನೆ, ಹೆರಿಗೆ ತವರಲ್ಲೇ ಆಯಿತು ಅಂತ ತೀರ್ಪು ಕೊಟ್ಟಿತು. ಮರದ ಮೇಲಿನಿಂದ ಕೆಂಚಪ್ಪನೂ ಹೌದು ಹೌದು ಅಂದ.

ಅವತ್ತಿನಿಂದ ಹೊಳೆ ಮಾತು ತಪ್ಪಿಲ್ಲ. ಮುಂಗಾರಿಗೆ ಬರುತ್ತದೆ, ತವರಲ್ಲಿ ಮೆರೆಯುತ್ತದೆ, ಹೋಗಿ ಬಾಳುತ್ತದೆ. ನೀರು ಇಳಿದಮೇಲೆ ದಂಡೆಯ ಹಸಿ ಮರಳಲ್ಲಿ ಮಡಿಕೆ ಮಡಿಕೆಯಾಗಿ ಕಾಣುತ್ತದಲ್ಲ ಕಂದಾ, ಅದು ಗಂಡನ ಮನೆಗೆ ಹೊರಟವಳ ಸೀರೆಯ ನಿರಿಗೆ ಎಳೆದ ಗುರುತು. ಅದು ಮೂಡಿದ ಮೇಲೇ ನಮ್ಮ ಅಂಬಿಗರು ಹರಿಗೋಲು ನೀರಿಗಿಳಿಸುವುದು.