ಕೊಕ್ಕರೆಗಳ ಬಾಣಂತನ

ಬತ್ತಿ ಸರಿಮಾಡಿ, ಅಕ್ಷತೆ ಕೈಗೆ ತೆಗೆದುಕೊಂಡು ತೊಟ್ಟಿಲಮ್ಮನ ಕಥೆಯನ್ನು ಕೇಳುವಂಥವರಾಗಿ. ಅಂಗಳ ಗಲೀಜೆಂದು ಮೂಗು ಮುರಿಯುವ ಸೊಸೆಯಂದಿರು ಮುಂದೆ ಬಂದು ಕೂರಿ. ಇದು ನಿಮಗೆಂದೇ ಇಟ್ಟ ಕಥೆ.

ಹುಣಸೆಕೊಪ್ಪಲೆಂಬ ಊರಿತ್ತು. ಸಂಕ್ರಾಂತಿ ಕಳೆಯುತ್ತಲೇ ಕೊಕ್ಕರೆಗಳು ಹಿಂಡುಹಿಂಡಾಗಿ ಬಂದು ಅಲ್ಲಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತಿದ್ದವು. ಊರಿನವರು ಅವನ್ನು ಹಕ್ಕಿಗಳೆನ್ನದೆ, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆನ್ನುತ್ತಿದ್ದರು. ಗೂಡಿರುವ ಮರದ ಹಣ್ಣನ್ನು ಯಾರೂ ಬಡಿಯುವಂತಿಲ್ಲ, ಮರಿ ಹಾರುವ ತನಕ ಕೊಂಬೆಗೆ ಕತ್ತಿ ತಾಕಿಸುವಂತಿಲ್ಲ. ಇದೇ ಬಾಣಂತಿಯರನ್ನು ಕಾಯುವ ದೇವಿ ತೊಟ್ಟಿಲಮ್ಮನ ವ್ರತ. ನಮ್ಮೂರಿಗೆ ಇಂಥ ಹೆಣ್ಣುಮಕ್ಕಳು ಬರುತ್ತಾರೆಂದು ಜನ ಸಂತೆಯಲ್ಲಿ ನಿಂತು ಬೀಗುತ್ತಿದ್ದರು.

ಆ ಊರ ಗೌಡನ ಹೆಂಡತಿ ಚೆಲುವಾಜಮ್ಮ. ಅವಳು ಸಾರಿಸಿದ ಅಂಗಳದಲ್ಲಿ ಒಂದು ಕಡ್ಡಿ ಬಿದ್ದಿರುತ್ತಿರಲಿಲ್ಲ, ಅದರ ಜಂಬವೂ ಅವಳಿಗೆ ಅಷ್ಟಿಷ್ಟಲ್ಲ. ಒಬ್ಬಳೇ ಮಗಳು ಹೊನ್ನಾಜಿ ಚೊಚ್ಚಲ ಹೆರಿಗೆಗೆ ಬರುವಳೆಂದಾಗ ತಾಯಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತೊಟ್ಟಿಲು ತೊಳೆಸಿ, ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿ, ಅಂಗಳಕ್ಕೆ ಬಂದು ನೋಡಿದರೆ ಹುಣಸೆಮರದ ಕೆಳಗೆಲ್ಲ ಹಿಕ್ಕೆ, ಮೀನಿನ ನಾತ. ಈ ಹೊಲಸು ಮಗಳಿಗೆ ತಾಕಬಾರದೆಂದು, ತೊಟ್ಟಿಲಮ್ಮನನ್ನೇ ಮರೆತು, ಆಳುಗಳನ್ನು ಹತ್ತಿಸಿ ಗೂಡಿದ್ದ ಕೊಂಬೆಗಳನ್ನೆಲ್ಲ ಕಡಿಸಿದಳು. ಮೊಟ್ಟೆಗಳು ಒಡೆದವು, ಉಳಿದ ಮರಗಳ ಹಕ್ಕಿಗಳೂ ಎದ್ದು ಊರ ಮೇಲೆ ಸುತ್ತಿ ಸುತ್ತಿ ಹೊರಟುಹೋದವು. ಅಂಗಳ ಚೊಕ್ಕಟವಾಯಿತು.

ಮಗಳ ಗಾಡಿ ಬಂದು ನಿಂತಿತು. ಹೊನ್ನಾಜಿ ಬೋಳುಮರವನ್ನು ನೋಡಿದಳು, ಇಳಿಯಲಿಲ್ಲ. ನಿನಗಾಗಿಯೇ ಮಾಡಿಸಿದೆನೆಂದು ತಾಯಿ ಆರತಿ ತಟ್ಟೆ ಹಿಡಿದು ಕರೆದಳು.

"ಹೆರೋಕೆ ಬಂದೋರನ್ನ ಅಟ್ಟಿದ ಮನೇಲಿ ನಾನು ಹ್ಯಾಗವ್ವ ಹೆರಲಿ? ಅವು ಬಂದ ವರ್ಷ ನಾನೂ ಬರ್ತೀನಿ" ಎಂದು ಮಗಳು ಗಾಡಿ ತಿರುಗಿಸಿದಳು. ಎಂಥ ಮಗಳನ್ನು ಹೆತ್ತಳಪ್ಪಾ ಎಂದು ಊರು ಹೆಮ್ಮೆಪಟ್ಟಿತು. ಹೆತ್ತವಳು ಮಾತ್ರ ಆರಿದ ಆರತಿ ಹಿಡಿದು ಬಾಗಿಲಲ್ಲೇ ಉಳಿದಳು.

ಹೊನ್ನಾಜಿ ಗಂಡನ ಮನೆಯಲ್ಲೇ ಗಂಡುಮಗುವನ್ನು ಹೆತ್ತಳು. ತವರಿನ ತೊಟ್ಟಿಲು ಬರಿದಾಗಿಯೇ ಉಳಿಯಿತು. ಮರುವರ್ಷ ಕೊಕ್ಕರೆ ಬರಲಿಲ್ಲ. ಚೆಲುವಾಜಮ್ಮ ಮೊದಲೇ ಹಟದವಳು, ಈಗ ಆ ಹಟವನ್ನೆಲ್ಲ ವ್ರತಕ್ಕೆ ಹಾಕಿದಳು. ತಾನೇ ಕೊಡ ಹೊತ್ತು ಮರಕ್ಕೆ ನೀರೆರೆದಳು, ಚಿಗುರಿದ ಕೊಂಬೆಗೆ ಯಾರನ್ನೂ ಹತ್ತಗೊಡಲಿಲ್ಲ, ಹಣ್ಣು ಬಡಿಯಗೊಡಲಿಲ್ಲ, ಮರಿ ಬಿದ್ದರೆ ಪೆಟ್ಟಾಗದಿರಲೆಂದು ಬುಡಕ್ಕೆ ಹುಲ್ಲು ಹಾಸಿದಳು. ಹಕ್ಕಿಯಿಲ್ಲದ ಮರಕ್ಕೆ ಹಾಸಿಗೆಯೇಕೆಂದು ನಕ್ಕವರಿಗೆ, ಬಾಣಂತಿ ಕೋಣೆ ಸಜ್ಜುಮಾಡುತ್ತಿದ್ದೇನೆ ಎಂದಳು.

ಹೀಗೆ ಸಂಕ್ರಾಂತಿಗಳು ಕಳೆದವು. ಒಂದು ವ್ರತದ ದಿನ ರೇಷ್ಮೆ ಸೀರೆಯುಟ್ಟು, ದೀಪ ಹಚ್ಚಿ ಅಂಗಳಕ್ಕೆ ಬಂದವಳ ಹೆಗಲ ಮೇಲೆ ಹಿಕ್ಕೆ ಬಿತ್ತು. ತಲೆಯೆತ್ತಿದರೆ ಕೊಕ್ಕರೆ ಜೋಡಿ, ಒಂದರ ಕೊಕ್ಕಿನಲ್ಲಿ ಗೂಡಿನ ಕಡ್ಡಿ. ಒಂದು ಕಡ್ಡಿಯನ್ನೂ ಸಹಿಸದ ಆ ಮಹಾತಾಯಿ ಸೆರಗು ಒರೆಸಿಕೊಳ್ಳಲೂ ಇಲ್ಲ. ಅದೇ ಸೀರೆಯಲ್ಲಿ ಗಾಡಿ ಹತ್ತಿ ಮಗಳ ಊರಿಗೆ ಹೋಗಿ, ಬೀಗರ ಬಾಗಿಲಲ್ಲಿ ಹೆಗಲು ತೋರಿಸಿ ತಲೆಯೆತ್ತಿ ನಿಂತಳು. ಮತ್ತೆ ಬಸುರಾಗಿದ್ದ ಹೊನ್ನಾಜಿ ಮಗನ ಕೈ ಹಿಡಿದು ಗಾಡಿಯೇರಿದಳು.

ಆ ವರ್ಷ ಮರದಲ್ಲೂ ಮನೆಯಲ್ಲೂ ಬಾಣಂತನ ನಡೆಯಿತು. ಈ ಕಥೆ ಹೇಳಿದವರಿಗೂ, ಕೇಳಿದವರಿಗೂ, ಕೇಳುತ್ತಲೇ ತೂಕಡಿಸಿದವರಿಗೂ ತೊಟ್ಟಿಲಮ್ಮ ಅದೇ ಫಲ ಕೊಡಲಿ. ಮರ ಬೋಳಾಗದಿರಲಿ, ತೊಟ್ಟಿಲು ಬರಿದಾಗದಿರಲಿ. ಕೈಯಲ್ಲಿರುವ ಅಕ್ಷತೆಯನ್ನು ಹುಣಸೆಮರದ ಬುಡಕ್ಕೆ ಹಾಕಿ ಬನ್ನಿ. ಮೇಲಿಂದ ಏನಾದರೂ ಬಿದ್ದರೆ ಒರೆಸಿಕೊಳ್ಳಬೇಡಿ.