ಗೋಡೆಗೆ ಒರಗಿಸಿದ ಹಲಗೆ

ಚಾರುಮತಿಗೆ ಒಂದು ಅಭ್ಯಾಸವಿತ್ತು. ಕಷಾಯ ಕೆಟ್ಟರೆ ಅವಳು ಪಾಟಿಯ ಮೇಲೆ ಬರೆದುಕೊಂಡದ್ದನ್ನು ಸೆರಗಿನ ತುದಿಯಿಂದ ಒರೆಸಿಬಿಡುತ್ತಿದ್ದಳು. ಸರಿಬಂದದ್ದನ್ನು ಮಾತ್ರ ದುಂಡಗೆ ಬರೆದಿಡುತ್ತಿದ್ದಳು. ಅವಳು ಕಲಿಯುತ್ತಿದ್ದ ವೈದ್ಯಶಾಲೆಯಲ್ಲಿ ಮರುದಿನ ಒಲೆಯ ಮುಂದೆ ಕೂರುವವರು ಹಿಂದಿನವರ ಪಾಟಿ ನೋಡಿಯೇ ಔಷಧಿ ಕಾಯಿಸಬೇಕಿತ್ತು.

ಒಂದು ಸಂಜೆ ಅವಳು ಕೇಳಿದಳು: “ಗುರುಗಳೇ, ತಪ್ಪನ್ನು ನಾನೇ ತಿದ್ದಿಕೊಂಡ ಮೇಲೆ ಅದನ್ನು ಯಾರಿಗೂ ಹೇಳದಿದ್ದರೆ ಯಾರಿಗೆ ನಷ್ಟ?”

ಗುರುಗಳು ಒಂದು ಕತೆ ಹೇಳಿದರು.

ಹಿಮದ ನಾಡಿನಲ್ಲಿ ಒಂದು ಊರು. ಅಲ್ಲಿನವರು ಕಾಲಿಗೆ ಉದ್ದನೆಯ ಮರದ ಹಲಗೆ ಕಟ್ಟಿಕೊಂಡು, ಹಿಮದ ಮೇಲೆ ಜಾರುತ್ತಾ ಗುಡ್ಡ ದಾಟುತ್ತಾರೆ. ಹಲಗೆಯಲ್ಲಿ ಎರಡು ಬಗೆ. ಹೊಸದಾಗಿ ಬಿದ್ದ ಮೆತ್ತನೆಯ ಹಿಮಕ್ಕೆ ಅಗಲದ್ದು. ಕಿರಿದಾದದ್ದು ಅದರಲ್ಲಿ ಹೂತುಹೋಗುತ್ತದೆ. ಗಾಳಿಗೆ ಗಾಜಿನಂತಾದ ಹಿಮಕ್ಕೆ ಹರಿತ ಅಂಚಿನ ಕಿರಿದಾದದ್ದು. ಅಗಲದ್ದು ಅಲ್ಲಿ ನಿಲ್ಲುವುದೇ ಇಲ್ಲ. ಗುಡ್ಡದ ನೆತ್ತಿಯ ಹಿಮ ಊರಿಗೆ ಕಾಣದು. ಅದಕ್ಕೇ, ದಾಟಿ ಬಂದವರು ತಮ್ಮ ಹಲಗೆಯ ತಳ ಹೊರಗೆ ಕಾಣುವಂತೆ ಊರಬಾಗಿಲ ಗೋಡೆಗೆ ಒರಗಿಸಬೇಕು. ತಳದಲ್ಲಿ ಗೀರಿದ್ದರೆ ಮೇಲೆ ಗಟ್ಟಿ ಹಿಮ, ಇಲ್ಲದಿದ್ದರೆ ಮೆತ್ತನೆಯದು. ಹೊರಡುವವರು ಅದನ್ನು ನೋಡಿ ತಮ್ಮ ಹಲಗೆ ಆರಿಸಿಕೊಳ್ಳುತ್ತಾರೆ.

ಅಲ್ಲಿ ಒಬ್ಬ ಬೇಟೆಗಾರನಿದ್ದ. ಅವನು ಬಿದ್ದದ್ದನ್ನು ಯಾರೂ ಎಂದೂ ಕಂಡಿರಲಿಲ್ಲ. ಒಂದು ಬೆಳಿಗ್ಗೆ ಅವನು ಆಚೆಯ ಊರಿನಿಂದ ಅವಸರದ ಸುದ್ದಿ ಹೊತ್ತು ಬರುತ್ತಿದ್ದ: ಒಬ್ಬಳಿಗೆ ಹೆರಿಗೆ ನೋವು, ಮಗು ಅಡ್ಡ ತಿರುಗಿದೆ, ಸೂಲಗಿತ್ತಿಯನ್ನು ಕಳಿಸಿ. ನೆತ್ತಿಯ ಗಟ್ಟಿ ಹಿಮದಲ್ಲಿ ಅವನು ಜಾರಿಬಿದ್ದ. ಹಲಗೆಯ ತಳವೆಲ್ಲ ಗೀರು. ಅಷ್ಟು ಅವಸರದಲ್ಲೂ, ಬಿದ್ದದ್ದು ಯಾರಿಗೂ ತಿಳಿಯಬಾರದೆಂದು, ಊರಿನ ಹೊರಗೆ ಕುಳಿತು ಅದನ್ನು ಉಜ್ಜಿದ, ಮೇಣ ಹಚ್ಚಿದ, ಆಮೇಲೆ ತಂದು ಒರಗಿಸಿದ.

ಸುದ್ದಿ ಕೇಳಿದ ಸೂಲಗಿತ್ತಿ ಎರಡು ಜೊತೆ ಹಲಗೆ ಹೊತ್ತು ಬಂದಳು.

“ಮೇಲೆ ಹೇಗಿದೆ ತಮ್ಮಾ? ರಾತ್ರಿಯೆಲ್ಲ ಗಾಳಿ ಬೀಸ್ತಿತ್ತಲ್ಲ.”

ಕಟ್ಟೆಯ ಮೇಲೆ ಕುಳಿತಿದ್ದವನೊಬ್ಬ ಹೇಳಿದ: “ಅವನನ್ನೇನು ಕೇಳ್ತೀಯಕ್ಕ? ಅವನು ಬಿದ್ದರೆ ನೋವಾಗೋದು ಗುಡ್ಡಕ್ಕೆ!”

ಎಲ್ಲರೂ ನಕ್ಕರು. ಬೇಟೆಗಾರನೂ ನಕ್ಕ. “ಹಲಗೆ ಅಲ್ಲೇ ಇದೆಯಲ್ಲಕ್ಕ, ನೋಡ್ಕೋ,” ಎಂದ.

ಅವಳು ತಳದ ಮೇಲೆ ಅಂಗೈ ಆಡಿಸಿದಳು. ನುಣುಪಾಗಿತ್ತು. ಕಿರಿದಾದ ಹಲಗೆಗಳನ್ನು ಗೋಡೆಯ ಬಳಿ ಬಿಟ್ಟು, ಅಗಲದ್ದನ್ನು ಕಾಲಿಗೆ ಬಿಗಿದಳು. ಬೇಟೆಗಾರ ಬಾಯಿ ತೆರೆದ. ಕಟ್ಟೆಯ ಮೇಲಿನವರು ಇನ್ನೂ ಕುಳಿತಿದ್ದರು. ಇವರು ಏಳಲಿ, ಆಮೇಲೆ ಕೂಗಿ ಹೇಳೋಣ ಎಂದುಕೊಂಡ. ಅವರು ಏಳುವ ಹೊತ್ತಿಗೆ ಅವಳಿಗೆ ಕೂಗು ಮುಟ್ಟುವಂತಿರಲಿಲ್ಲ.

ಅವಳು ಬಿಟ್ಟುಹೋದ ಕಿರಿದಾದ ಹಲಗೆಗಳನ್ನೇ ಕಟ್ಟಿಕೊಂಡು ಅವನು ಬೆನ್ನಟ್ಟಿದ. ನೆತ್ತಿಯವರೆಗೆ ಅವಳ ಜಾಡು ನೇರವಾಗಿತ್ತು. ಅಲ್ಲಿಂದ ಅಡ್ಡಕ್ಕೆ ಹೊರಳಿತ್ತು. ಸ್ವಲ್ಪ ಕೆಳಗೆ ಅವಳು ಬಂಡೆಗೆ ಒರಗಿ ಕುಳಿತಿದ್ದಳು. ಕಾಲು ಮುರಿದಿತ್ತು. ದೂರದಲ್ಲಿ, ಆಚೆಯ ಊರಿನ ಒಂದು ಮನೆಯಿಂದ ಹೊಗೆ ಏಳುತ್ತಿತ್ತು. ಅಲ್ಲಿ ನೀರು ಕಾಯಿಸಿಟ್ಟುಕೊಂಡು ಅವಳ ದಾರಿ ನೋಡುತ್ತಿದ್ದರು.

ಅವಳು ಜಾರಿದ ಗುರುತಿನ ಪಕ್ಕದಲ್ಲೇ ಹಿಮದ ಮೇಲೆ ಯಾರೋ ಜಾರಿಬಿದ್ದ ಇನ್ನೊಂದು ಗುರುತಿತ್ತು. ಅವಳು ಅದರತ್ತ ಕೈ ತೋರಿಸಿದಳು.

“ಇದು ಯಾರದು ತಮ್ಮಾ?”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚಾರುಮತಿ ಕೇಳಿದಳು: “ಆ ಬಸುರಿ ಏನಾದಳು, ಗುರುಗಳೇ?”

ಗುರುಗಳು ಅವಳ ಮಡಿಲಲ್ಲಿದ್ದ ಪಾಟಿಯತ್ತ ಕೈ ಚಾಚಿದರು.

“ನಾಳೆ ಒಲೆಯ ಮುಂದೆ ಕೂರುವವಳು ಹೊಸಬಳು. ಒರೆಸಿದ್ದನ್ನು ಮತ್ತೆ ಬರೆದು ಕೊಡು, ಮಗಳೇ.”